ಕೈ ನಿಂತ ಮೇಲೂ ನಿಲ್ಲದ ಸದ್ದು

1

ಯಾವುದು ನಾದ, ಯಾವುದು ಗದ್ದಲ ಅಂತ ತೀರ್ಪು ಕೊಡುವ ಕೆಲಸ ಯಾವ ಕಾಲದಲ್ಲೂ ಬರೀ ಕಿವಿಗೆ ಬಿಟ್ಟದ್ದಾಗಿರಲಿಲ್ಲ. ಯಾರ ಕಿವಿ, ಯಾರ ಮನೆ, ಯಾರ ಕಾಸು ಅನ್ನುವ ಪ್ರಶ್ನೆಗಳು ಅದರ ಹಿಂದೆ ಇದ್ದೇ ಇರುತ್ತವೆ. ಇದನ್ನು ದೊಡ್ಡ ಮಾತುಗಳಲ್ಲಿ ಹೇಳುವುದು ಸುಲಭ. ಹೇಳಿ ಹೇಳಿ ನಮಗೂ ಅದು ಬಾಯಿಪಾಠವಾಗಿದೆ. ಆದ್ದರಿಂದ ಈ ಸಲ ಆ ಪ್ರಶ್ನೆಯನ್ನು ಒಂದು ಸಣ್ಣ ವಸ್ತುವಿನಲ್ಲಿ ಇಟ್ಟು, ಮುಚ್ಚಳ ತೆಗೆದು, ಒಂದೊಂದೇ ವೈರು ಹಿಡಿದು ನೋಡೋಣ. ಆ ವಸ್ತು ಅಮೆರಿಕದ ಬಡವರ ಕೈಯಲ್ಲಿ ಹುಟ್ಟಿದ ಸಿಗಾರ್ ಪೆಟ್ಟಿಗೆಯ ಗಿಟಾರು. ಅದಕ್ಕೆ ಕರೆಂಟಿನ ಸಂಪರ್ಕ ಕೊಟ್ಟಾಗ ಸ್ಪೀಕರಿನಿಂದ ಬರುವ ಗುಂಯ್ ಅನ್ನುವ ಸದ್ದು ನಮ್ಮ ವಿಷಯ. ಆ ಸದ್ದನ್ನು ತೆಗೆಯಬೇಕೋ ಬೇಡವೋ, ತೆಗೆಯುವುದಾದರೆ ಹೇಗೆ ತೆಗೆಯಬೇಕು, ಹೇಗೆ ತೆಗೆಯಬಾರದು ಅನ್ನುವುದು ರಿಪೇರಿಯ ಪ್ರಶ್ನೆ ಹೌದು. ನೀತಿಯ ಪ್ರಶ್ನೆಯೂ ಹೌದು.

ಸಿಗಾರು ನಮ್ಮ ಕಡೆಯ ಚುಟ್ಟದ ಶ್ರೀಮಂತ ನೆಂಟ. 1860ರ ದಶಕದಲ್ಲಿ, ಅಂತರ್ಯುದ್ಧದ ಖರ್ಚು ತೂಗಿಸಲು ಅಮೆರಿಕದ ಸರ್ಕಾರ ಅದರ ಮೇಲೆ ತೆರಿಗೆ ಹಾಕಿತು. ಸಿಗಾರನ್ನು ಪೆಟ್ಟಿಗೆಯಲ್ಲಿ ತುಂಬಿ, ತೆರಿಗೆ ಚೀಟಿ ಅಂಟಿಸಿಯೇ ಮಾರಬೇಕು, ಖಾಲಿಯಾದ ಪೆಟ್ಟಿಗೆಯಲ್ಲಿ ಮತ್ತೆ ಸಿಗಾರು ತುಂಬಿ ಮಾರಬಾರದು ಅನ್ನುವುದು ಕಾನೂನಾಯಿತು. ಹೀಗೆ ತೆಳು ಹಲಗೆಯ, ಹಗುರಾದ, ಗಟ್ಟಿ ಪೆಟ್ಟಿಗೆಗಳು ಊರೂರಲ್ಲಿ ಕಸಕ್ಕೆ ಬಿದ್ದವು. ಆ ಕಸಕ್ಕೆ ಕೋಲು ಸಿಕ್ಕಿಸಿ, ತಂತಿ ಬಿಗಿದು ಹಾಡಿಸಿದವರು ಸೈನಿಕರು, ಕೂಲಿಗಳು, ಪಾಲಿಗೆ ಹೊಲ ಮಾಡುವವರ ಮಕ್ಕಳು. ಎಡ್ವಿನ್ ಫೋರ್ಬ್ಸ್ ಎಂಬ ಚಿತ್ರಕಾರ 1876ರಲ್ಲಿ ಹೊರತಂದ ಯುದ್ಧಕಾಲದ ಚಿತ್ರಗಳಲ್ಲಿ ಸೈನಿಕನೊಬ್ಬ ಸಿಗಾರ್ ಪೆಟ್ಟಿಗೆಯ ಪಿಟೀಲು ನುಡಿಸುತ್ತ ಕೂತಿದ್ದಾನೆ. ಟೆಕ್ಸಾಸಿನಲ್ಲಿ 1912ರಲ್ಲಿ ಹುಟ್ಟಿದ ಲೈಟ್ನಿನ್ ಹಾಪ್‌ಕಿನ್ಸ್ ಎಂಬ ಕಪ್ಪು ಹಾಡುಗಾರ ಹುಡುಗನಾಗಿದ್ದಾಗ ತನ್ನ ಮೊದಲ ಗಿಟಾರನ್ನು ಮಾಡಿಕೊಂಡದ್ದು ಸಿಗಾರ್ ಪೆಟ್ಟಿಗೆಯಿಂದ. ಬಿಗ್ ಬಿಲ್ ಬ್ರೂನ್ಜಿ ಮಾಡಿಕೊಂಡದ್ದು ಪೆಟ್ಟಿಗೆಯ ಪಿಟೀಲು. ಬಿಳಿಯರಲ್ಲೂ ಬಡವರಿಗೆ ಇದೇ ಗತಿ. ಟೆನೆಸಿಯಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದ ಕುಟುಂಬದ ಕಾರ್ಲ್ ಪರ್ಕಿನ್ಸ್‌ಗೆ ಅವನಪ್ಪ ಸಿಗಾರ್ ಪೆಟ್ಟಿಗೆಗೆ ಪೊರಕೆ ಕೋಲು ಜೋಡಿಸಿ ಗಿಟಾರು ಮಾಡಿಕೊಟ್ಟಿದ್ದ.

ಇವರು ಯಾರೂ ಪೆಟ್ಟಿಗೆಯ ಗಿಟಾರನ್ನು ಒಂದು ಕಲಾತತ್ವ ಅಂತ ಆರಿಸಿಕೊಂಡವರಲ್ಲ. ಅಂಗಡಿಯ ಗಿಟಾರಿಗೆ ದುಡ್ಡಿರಲಿಲ್ಲ. ಹಾಡು ಇತ್ತು. ಇದನ್ನು ಮೊದಲು ಹೇಳಿಬಿಡಬೇಕು. ಯಾಕೆಂದರೆ ಇವತ್ತು ಅದೇ ಪೆಟ್ಟಿಗೆಗೆ ಬೇಕಂತಲೇ ಹಳತಾದ ಬಣ್ಣ ಬಳಿದು, ಬಡತನದ ಅಲಂಕಾರ ಮಾಡಿ ಮಾರುವ ವ್ಯಾಪಾರವೂ ಇದೆ.

2

ಪೆಟ್ಟಿಗೆ ಕರೆಂಟಿನ ಗಿಟಾರ್ ಆಗುವುದಕ್ಕೆ ಎರಡು ದಾರಿ ಇವೆ. ಒಂದು, ಪಿಯೆಜೋ ಬಿಲ್ಲೆ. ಬಜರುಗಳಲ್ಲಿ, ಸದ್ದು ಮಾಡುವ ಆಟದ ಸಾಮಾನುಗಳಲ್ಲಿ ಇರುವ ಹಿತ್ತಾಳೆಯ ಬಿಲ್ಲೆ ಇದು. 27 ಮಿಲಿಮೀಟರ್ ಅಗಲದ್ದು ಎಲ್ಲೆಲ್ಲೂ ಸಿಗುತ್ತದೆ. ಹಿತ್ತಾಳೆಯ ಮೇಲೆ ಬಿಳಿ ಪಿಂಗಾಣಿಯಂಥ ಪದರ ಇರುತ್ತದೆ. ಅದು ಅದುರಿದರೆ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ, ತಂತಿಯನ್ನು ಹೊತ್ತ ಕುದುರೆಯ ಕೆಳಗೆ, ಇದನ್ನು ಅಂಟಿಸಿದರೆ ಸಾಕು. ಎರಡನೆಯದು ಆಯಸ್ಕಾಂತದ ಪಿಕಪ್. ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಯಾವ ದಾರಿಯಲ್ಲಿ ಬಂದರೂ ಅದು ಬಹಳ ಕ್ಷೀಣವಾದದ್ದು. ಆಂಪ್ಲಿಫಯರು ಅದನ್ನು ನೂರಾರು ಪಟ್ಟು ಹಿಗ್ಗಿಸಿದ ಮೇಲೆಯೇ ಸ್ಪೀಕರ್ ಅಲುಗುವುದು.

ಆದರೆ ಆಂಪ್ಲಿಫಯರಿಗೆ ವಿವೇಕ ಇಲ್ಲ. ಬಾಗಿಲಿಗೆ ಬಂದದ್ದನ್ನೆಲ್ಲ ಅದು ಹಿಗ್ಗಿಸುತ್ತದೆ. ನಮ್ಮ ಮನೆಗಳ ಗೋಡೆಯೊಳಗಿನ ವೈರುಗಳಲ್ಲಿ ಕರೆಂಟು ಸೆಕೆಂಡಿಗೆ 50 ಸಲ, ಅಮೆರಿಕದಲ್ಲಿ 60 ಸಲ, ಹಿಂದಕ್ಕೂ ಮುಂದಕ್ಕೂ ತುಯ್ಯುತ್ತಿರುತ್ತದೆ. ಅದರ ಪ್ರಭಾವ ವೈರಿನ ಒಳಗೇ ಉಳಿಯುವುದಿಲ್ಲ, ಸುತ್ತಲ ಗಾಳಿಗೆ ಹರಡುತ್ತದೆ. ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ರೆಗ್ಯುಲೇಟರು, ಟ್ರಾನ್ಸ್‌ಫಾರ್ಮರು ಇವೆಲ್ಲ ತಮ್ಮ ತಮ್ಮ ಪಾಲನ್ನು ಸೇರಿಸುತ್ತವೆ. ಏಳೆಂಟು ಸಾವಿರ ಸುತ್ತಿನ ಸುರುಳಿ ಅಂದರೆ ಒಳ್ಳೆಯ ಏರಿಯಲ್ಲು. ಪಿಯೆಜೋ ಬಿಲ್ಲೆಯಿಂದ ಹೊರಟ ಬರಿಮೈ ವೈರು ಇನ್ನೊಂದು ಏರಿಯಲ್ಲು. ಮರದ ಪೆಟ್ಟಿಗೆ ಈ ಪ್ರಭಾವವನ್ನು ತಡೆಯುವುದಿಲ್ಲ. ಹೀಗೆ ಒಳಗೆ ಬಂದದ್ದೇ ಸ್ಪೀಕರಿನಲ್ಲಿ ಗುಂಯ್ ಅನ್ನುವುದು. ರೇಡಿಯೋ ರಿಪೇರಿಯವರು ಇದಕ್ಕೆ ಹಮ್ಮಿಂಗ್ ಅಂತಾರೆ.

ಇಲ್ಲಿ ಮೊದಲ ಮಾತು. ಈ ಗುಂಯ್ ಪೆಟ್ಟಿಗೆಯದಲ್ಲ. ಪೆಟ್ಟಿಗೆ ಅದನ್ನು ಹುಟ್ಟಿಸಲಿಲ್ಲ, ಕೇಳಿಸಿಕೊಂಡಿತು ಅಷ್ಟೆ. ಗೋಡೆಯಲ್ಲಿ ಸದಾ ಇರುವ, ಎಲ್ಲರ ಮನೆಯಲ್ಲೂ ಇರುವ, ನಾವು ಕೇಳದೆ ಬದುಕಿರುವ ಒಂದು ಸದ್ದು ಅದರ ಮೂಲಕ ಹೊರಗೆ ಬಂತು. 1954ರಲ್ಲಿ ಮಾರುಕಟ್ಟೆಗೆ ಬಂದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಜಗತ್ತಿನ ಅತ್ಯಂತ ಹೆಸರುವಾಸಿ ಗಿಟಾರುಗಳಲ್ಲಿ ಒಂದು. ಅದರಲ್ಲಿ ಇರುವುದೂ ಒಂಟಿ ಸುರುಳಿಯ ಪಿಕಪ್ಪುಗಳೇ. ಟ್ಯೂಬ್‌ಲೈಟಿನ ಕೆಳಗೆ ನಿಂತರೆ ಅದೂ ಗುಂಯ್‌ಗುಡುತ್ತದೆ. ಆಗ ಜನ ಲೈಟಿನ ಕಡೆ ನೋಡುತ್ತಾರೆ. ಸಿಗಾರ್ ಪೆಟ್ಟಿಗೆ ಗುಂಯ್ ಅಂದರೆ ಪೆಟ್ಟಿಗೆಯ ಕಡೆ ನೋಡುತ್ತಾರೆ, ‘ಕಸದಿಂದ ಮಾಡಿದ್ದು, ಇನ್ನೇನಾಗುತ್ತೆ’ ಅಂತಾರೆ. ಒಂದೇ ಸದ್ದು. ಒಂದು ಕಡೆ ಅದು ಪರಿಸರದ ತೊಂದರೆ, ಇನ್ನೊಂದು ಕಡೆ ಹುಟ್ಟುಗುಣ.

3

ಹಾಗಾದರೆ ಪೆಟ್ಟಿಗೆಯ ಸದ್ದೆಲ್ಲ ಸರಿಯೇ? ಇಲ್ಲಿ ಎರಡು ತರದ ಜನ ನಮ್ಮ ಮುಂದೆ ಬಂದು ನಿಲ್ಲುತ್ತಾರೆ. ಮೊದಲನೆಯವರು ಶುದ್ಧಿಯವರು. ಪೆಟ್ಟಿಗೆಯಿಂದ ಬರುವ ಒರಟೆಲ್ಲ ಅವರಿಗೆ ದೋಷ. ತಂತಿ ತುಸು ಜಿರ್ ಅಂದರೂ ತಪ್ಪು, ಮುಚ್ಚಳ ಅದುರಿದರೂ ತಪ್ಪು. ಕಾರ್ಖಾನೆಯ ಗಿಟಾರಿನ ಹಾಗೆ ಕೇಳಿಸುವ ತನಕ ಅದಕ್ಕೆ ವಾದ್ಯದ ಪಟ್ಟ ಇಲ್ಲ. ಎರಡನೆಯವರು ಭಾವುಕರು. ‘ಗುಂಯ್ ಇರಲಿ ಬಿಡಿ, ಬಡವರ ವಾದ್ಯದ ಸೊಗಸೇ ಅದು, ತೆಗೆದರೆ ಅದರ ಜೀವ ಹೋಗುತ್ತೆ’ ಅಂತಾರೆ. ಮೊದಲನೆಯವರು ಬಡವರ ದನಿಯನ್ನು ಗದ್ದಲ ಅಂದರು. ಎರಡನೆಯವರು ಗದ್ದಲವನ್ನೇ ಬಡವರ ದನಿ ಅಂದರು. ಇಬ್ಬರೂ ಮುಚ್ಚಳ ಬಿಚ್ಚಿ ನೋಡಿದವರಲ್ಲ.

ಬಿಚ್ಚಿ ನೋಡುವವರಿಗೆ ಒಂದು ಸುಲಭವಾದ ಪರೀಕ್ಷೆ ಇದೆ. ತಂತಿಯನ್ನು ಒಮ್ಮೆ ಮೀಟಿ, ಕೈ ತೆಗೆದು ಸುಮ್ಮನಿರಿ. ತಂತಿ ತಾನಾಗಿ ನಿಲ್ಲುವ ತನಕ ಕಾಯಿರಿ. ತಂತಿಯ ಜೊತೆ ಹುಟ್ಟಿ, ತಂತಿಯ ಜೊತೆ ಇಳಿದು, ತಂತಿಯ ಜೊತೆ ನಿಂತುಹೋದದ್ದು ಎಷ್ಟೇ ಒರಟಾಗಿರಲಿ, ಅದು ನುಡಿಸಿದವನ ದನಿ. ತಂತಿ ನಿಂತ ಮೇಲೂ ಯಾರ ಹಂಗೂ ಇಲ್ಲದೆ ಉಳಿಯುವುದು ಅವನದಲ್ಲ. ಅವನು ಇದ್ದರೂ ಅದು ಇರುತ್ತೆ, ಇಲ್ಲದಿದ್ದರೂ ಇರುತ್ತೆ.

ಈ ಪರೀಕ್ಷೆಯಲ್ಲಿ ಗೆಲ್ಲುವ ಒರಟುಗಳು ಬಹಳ. ಜಿಂಬಾಬ್ವೆಯ ಎಂಬಿರಾ ವಾದ್ಯಕ್ಕೆ ಬೇಕಂತಲೇ ಚಿಪ್ಪುಗಳನ್ನು, ಈಚೆಗೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಕಟ್ಟುತ್ತಾರೆ. ಪ್ರತಿ ಸ್ವರದ ಜೊತೆ ಅವು ಜಿರ್ ಅನ್ನಬೇಕು. ಪಶ್ಚಿಮ ಆಫ್ರಿಕಾದ ಕೋರಾ ವಾದ್ಯದ ಕುದುರೆಗೆ ತಗಡಿನ ತುಂಡನ್ನೂ ಸಣ್ಣ ಉಂಗುರಗಳನ್ನೂ ಸಿಕ್ಕಿಸುವುದು ಅದಕ್ಕೇ. ಅಷ್ಟು ದೂರ ಯಾಕೆ, ನಮ್ಮ ತಂಬೂರಿಯನ್ನೇ ನೋಡಿ. ಕುದುರೆಯ ಮೇಲೆ, ತಂತಿಯ ಕೆಳಗೆ, ನೂಲಿನ ಎಳೆಯೊಂದನ್ನು ತೂರಿಸಿ ಅತ್ತಿತ್ತ ಸರಿಸಿ ಕೂರಿಸುತ್ತಾರೆ. ತಂತಿ ಕುದುರೆಯನ್ನು ಸವರಿ ಝೇಂಕರಿಸಲಿ ಅಂತ. ಆ ಎಳೆಗೆ ಜೀವ ಅಂತಲೇ ಹೆಸರು. ಸಭೆಯಲ್ಲಿ ಜೀವ ಅನ್ನಿಸಿಕೊಂಡದ್ದು ಸಿಗಾರ್ ಪೆಟ್ಟಿಗೆಯಲ್ಲಿ ದೋಷ ಹೇಗಾಯಿತು ಅಂತ ಶುದ್ಧಿಯವರನ್ನು ಕೇಳಬೇಕು.

1951ರಲ್ಲಿ ಐಕ್ ಟರ್ನರನ ತಂಡ ಮೆಂಫಿಸ್ ನಗರಕ್ಕೆ ‘ರಾಕೆಟ್ 88’ ಎಂಬ ಹಾಡಿನ ಧ್ವನಿಮುದ್ರಣಕ್ಕೆ ಹೋಗುವಾಗ ದಾರಿಯಲ್ಲಿ ಗಿಟಾರಿನ ಆಂಪ್ಲಿಫಯರು ಕೆಟ್ಟಿತು. ರಿಪೇರಿಗೆ ಹೊತ್ತಿರಲಿಲ್ಲ. ಸ್ಪೀಕರಿನ ಹಾಳೆಗೆ ಕಾಗದ ತುರುಕಿ ವಿಲಿ ಕೈಜಾರ್ಟ್ ಹಾಗೇ ನುಡಿಸಿದ. ಆ ಸೀಳು ದನಿಯನ್ನು ಆಮೇಲೆ ಎಷ್ಟೋ ಜನ ದುಡ್ಡು ಕೊಟ್ಟು ಹುಡುಕಿಕೊಂಡು ಹೋದರು. ಅದು ಕೆಟ್ಟ ಯಂತ್ರದ ಸದ್ದು ನಿಜ. ಆದರೆ ಕೈಜಾರ್ಟನ ಕೈ ನಿಂತರೆ ಅದೂ ನಿಲ್ಲುತ್ತಿತ್ತು. ಗುಂಯ್ ಹಾಗಲ್ಲ. ಅದಕ್ಕೆ ಕೈ ಬೇಡ, ಹಾಡು ಬೇಡ. ಸ್ವಿಚ್ಚು ಹಾಕಿದರೆ ಸಾಕು.

ಆದ್ದರಿಂದ ಭಾವುಕರಿಗೂ ನಮ್ಮ ಮಾತು ಇದೆ. ಗೋಡೆಯ ಕರೆಂಟಿನ ಸದ್ದನ್ನು ಬಡವರ ಆತ್ಮ ಅಂತ ಪೂಜೆ ಮಾಡುವುದು ಗೌರವ ಅಲ್ಲ. ಪೆಟ್ಟಿಗೆಯಲ್ಲಿ ನುಡಿಸುವವನಿಗೂ ತನ್ನ ತಂತಿಯ ಸಣ್ಣ ದನಿ, ಕೊನೆಯ ಎಳೆಯ ತನಕ, ಸ್ಪಷ್ಟವಾಗಿ ಕೇಳಿಸಬೇಕು ಅನ್ನುವ ಹಕ್ಕಿದೆ. ಮಸುಕನ್ನು ಅವನ ಪಾಲಿಗೆ ಮೀಸಲಿಡಲು ನಾವು ಯಾರು?

4

ಇನ್ನು ತೆಗೆಯುವುದು ಹೇಗೆ ಅನ್ನುವುದು. ಇದಕ್ಕೆ ‘ನೆಲ’ ಅಂದರೆ ಏನು ಅಂತ ತಿಳಿಯಬೇಕು. ಗಿಟಾರಿನಿಂದ ಹೊರಡುವ ವೈರಿನಲ್ಲಿ ಎರಡು ದಾರಿ ಇರುತ್ತವೆ. ಒಂದು ದನಿಯನ್ನು ಹೊತ್ತೊಯ್ಯುವುದು, ಜಾಕಿನ ತುದಿಗೆ ಸೇರುತ್ತದೆ. ಇನ್ನೊಂದು ವಾಪಸು ಬರುವ ದಾರಿ, ಜಾಕಿನ ಮೈಗೆ ಸೇರುತ್ತದೆ. ಈ ಎರಡನೆಯದನ್ನೇ ಅರ್ಥ್ ಅಥವಾ ಗ್ರೌಂಡ್ ಅನ್ನುವುದು. ಒಂಬತ್ತು ವೋಲ್ಟಿನ ಬ್ಯಾಟರಿಗೆ ಎಲ್‌ಎಂ 386 ಅನ್ನುವ ಎಂಟು ಕಾಲಿನ ಚಿಪ್ಪು ಜೋಡಿಸಿದ ಪುಟ್ಟ ಆಂಪ್ಲಿಫಯರಿಗೂ ಗ್ರೌಂಡ್ ಇರುತ್ತದೆ. ಆದರೆ ಅದು ಮಣ್ಣನ್ನು ಮುಟ್ಟಿಯೇ ಇರುವುದಿಲ್ಲ. ಅಂದರೆ ನೆಲ ಅನ್ನುವುದು ಮೊದಲಿಗೆ ಮಣ್ಣಲ್ಲ. ಎಲ್ಲ ಭಾಗಗಳೂ ಸೊನ್ನೆ ಅಂತ ಒಪ್ಪಿಕೊಂಡ ಒಂದು ಜಾಗ. ಆ ಒಪ್ಪಂದದಿಂದ ಯಾವ ಭಾಗ ಹೊರಗುಳಿಯಿತೋ ಆ ಭಾಗ ಗಾಳಿಯ ಗದ್ದಲವನ್ನೆಲ್ಲ ಹಿಡಿದು ತರುತ್ತದೆ.

ಸಿಗಾರ್ ಪೆಟ್ಟಿಗೆಯಲ್ಲಿ ಹೀಗೆ ಹೊರಗುಳಿಯುವುದು ಸಾಮಾನ್ಯವಾಗಿ ತಂತಿಗಳೇ. ಬಾಗಿಲಿಗೆ ಹೊಡೆಯುವ ಹಿಂಜನ್ನು ಪೆಟ್ಟಿಗೆಯ ಬುಡಕ್ಕೆ ಸ್ಕ್ರೂ ಮಾಡಿ ತಂತಿಗಳನ್ನು ಅದಕ್ಕೆ ಸಿಕ್ಕಿಸುತ್ತಾರೆ. ಬೋಲ್ಟೊಂದನ್ನು ಕುದುರೆ ಮಾಡುತ್ತಾರೆ. ತಂತಿ ಲೋಹ, ಹಿಂಜು ಲೋಹ, ಆದರೆ ಎರಡಕ್ಕೂ ಜಾಕಿಗೂ ನಡುವೆ ಬರೀ ಮರ. ಪತ್ತೆ ಹಚ್ಚುವುದು ಕಷ್ಟವಲ್ಲ. ಬ್ಯಾಟರಿಯ ಆಂಪ್ಲಿಫಯರಿಗೆ ಜೋಡಿಸಿ ಜಾಕಿನ ಲೋಹ ಮುಟ್ಟಿ. ಗುಂಯ್ ಇಳಿಯಿತೇ? ಈಗ ತಂತಿ ಮುಟ್ಟಿ. ಇಳಿಯದಿದ್ದರೆ ತಂತಿಗೆ ಅರ್ಥ್ ಸಿಕ್ಕಿಲ್ಲ. ಜಾಕಿನ ಲೋಹ ಮುಟ್ಟಿದಾಗ ಇಳಿಯುವ ಬದಲು ಹೆಚ್ಚಾದರೆ ಜಾಕಿನಲ್ಲಿ ಎರಡು ವೈರು ಅದಲು ಬದಲಾಗಿವೆ. ಮದ್ದು ಒಂದು ಗೇಣು ವೈರು. ಒಂದು ತುದಿ ಹಿಂಜಿಗೆ, ಇನ್ನೊಂದು ತುದಿ ಜಾಕಿನ ಮೈಗೆ. ಮಲ್ಟಿಮೀಟರ್ ಇದ್ದರೆ ತಂತಿಗೂ ಜಾಕಿನ ಮೈಗೂ ಕಡ್ಡಿ ಇಟ್ಟು ನೋಡಿ, ಸೊನ್ನೆಯ ಹತ್ತಿರ ತೋರಿಸಬೇಕು.

ಈ ಒಂದು ಗೇಣು ವೈರು ಮಾಡುವ ಕೆಲಸದಲ್ಲಿ ನಾವು ನಿಂತು ಯೋಚಿಸಬೇಕಾದ ಸಂಗತಿ ಇದೆ. ನುಡಿಸುವವನ ಮೈಯೂ ಒಂದು ಏರಿಯಲ್ಲು. ನೀರು, ಉಪ್ಪು ತುಂಬಿದ ಮೈ ಗೋಡೆಯ ಕರೆಂಟಿನ ಪ್ರಭಾವವನ್ನು ಹಿಡಿದು, ಎದೆಗೆ ಒರಗಿಸಿಕೊಂಡ ಪೆಟ್ಟಿಗೆಯೊಳಕ್ಕೆ ದಾಟಿಸುತ್ತದೆ. ತಂತಿಗೆ ಅರ್ಥ್ ಕೊಟ್ಟಮೇಲೆ ಅವನು ತಂತಿ ಹಿಡಿದ ಕ್ಷಣ ಅದೇ ಮೈ ಆ ಸೊನ್ನೆಯ ಒಪ್ಪಂದಕ್ಕೆ ಸೇರಿಕೊಳ್ಳುತ್ತದೆ. ಆಗ ಅದು ಗದ್ದಲ ತರುವುದಿಲ್ಲ, ಗದ್ದಲಕ್ಕೆ ಅಡ್ಡ ನಿಲ್ಲುತ್ತದೆ. ಮೈ ಬದಲಾಗಲಿಲ್ಲ, ಸಂಬಂಧ ಬದಲಾಯಿತು. ಮುಟ್ಟಿದರೆ ಕೆಡುತ್ತದೆ ಅನ್ನುವ ಮಾತು ಕೇಳಿ ಬೆಳೆದ ನಮಗೆ, ಮುಟ್ಟಿದರೆ ಸರಿಹೋಗುತ್ತದೆ ಅನ್ನುವ ಈ ಸಣ್ಣ ಸತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಕೆಲಸ ಕವಚ. ಪೆಟ್ಟಿಗೆಯ ಒಳಗೋಡೆಗೆಲ್ಲ ತಾಮ್ರದ ತೆಳು ಹಾಳೆ ಅಂಟಿಸಬಹುದು, ಇಲ್ಲವೇ ಅಡುಗೆಮನೆಯಲ್ಲಿ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ. ಅಲ್ಯೂಮಿನಿಯಮ್ಮಿಗೆ ಸಾಮಾನ್ಯ ಸೀಸದ ಬೆಸುಗೆ ಹಿಡಿಯುವುದಿಲ್ಲ. ವೈರಿನ ತುದಿಯನ್ನು ವಾಷರ್ ಇಟ್ಟು ಸ್ಕ್ರೂನಿಂದ ಬಿಗಿಯಬೇಕು. ದನಿ ಹೊರುವ ವೈರು ಎಲ್ಲೂ ಹಾಳೆಗೆ ತಾಕಬಾರದು, ತಾಕಿದರೆ ಪೂರ್ತಿ ಮೂಕ. ಮುಖ್ಯವಾದ ಮಾತೆಂದರೆ, ಹಾಳೆಯನ್ನು ಅರ್ಥಿಗೆ ಕಟ್ಟಬೇಕು. ಕಟ್ಟದ ಹಾಳೆ ಕಾವಲು ಕಾಯುವುದಿಲ್ಲ, ತಾನೇ ಇನ್ನೊಂದು ಏರಿಯಲ್ಲಾಗಿ ಕೂರುತ್ತದೆ. ಪಿಯೆಜೋ ಬಿಲ್ಲೆಯಾದರೆ ಹಿತ್ತಾಳೆಯ ಕಡೆಯನ್ನು ಅರ್ಥಿಗೆ, ನಡುವಿನ ಬಿಳಿ ಪದರವನ್ನು ದನಿಯ ವೈರಿಗೆ ಕೊಡಬೇಕು. ಬಿಲ್ಲೆಯಿಂದ ಜಾಕಿನವರೆಗೆ ಹೆಣೆದ ತಾಮ್ರದ ಹೊದಿಕೆ ಇರುವ ಶೀಲ್ಡ್ ವೈರನ್ನೇ ಬಳಸಬೇಕು.

ಇಷ್ಟಾದರೂ ಪೂರ್ತಿ ಹೋಗದ ಒಂದು ಬಗೆಯ ಗುಂಯ್ ಇದೆ. ಟ್ರಾನ್ಸ್‌ಫಾರ್ಮರಿನಂಥವು ಹರಡುವ ಆಯಸ್ಕಾಂತದ ಪ್ರಭಾವ ತೆಳು ಹಾಳೆಯನ್ನು ಲೆಕ್ಕಕ್ಕೇ ಇಡದೆ ಸುರುಳಿಯ ಪಿಕಪ್ಪನ್ನು ಮುಟ್ಟುತ್ತದೆ. ದೂರ ಸರಿಯಬೇಕು, ಇಲ್ಲಾ ಪೆಟ್ಟಿಗೆಯನ್ನು ಓರೆಗೆ ತಿರುಗಿಸಬೇಕು. ಇದಕ್ಕೆ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬಾತ ಒಂದು ದಾರಿ ಮಾಡಿದ. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1959ರಲ್ಲಿ ಸಿಕ್ಕಿತು. ಒಂದರ ಬದಲು ಎರಡು ಸುರುಳಿ. ಒಂದನ್ನು ಸುತ್ತಿದ್ದಕ್ಕೆ ಇನ್ನೊಂದು ಎದುರು, ಆಯಸ್ಕಾಂತದ ಮುಖವೂ ಎದುರು. ಹೊರಗಿನ ಗದ್ದಲ ಎರಡರಲ್ಲೂ ಬರುತ್ತದೆ, ಆದರೆ ಎದುರುಬದುರಾಗಿ ಬಂದು ಒಂದನ್ನೊಂದು ತಿಂದುಹಾಕುತ್ತವೆ. ತಂತಿಯ ದನಿ ಮಾತ್ರ ಎರಡರಲ್ಲೂ ಒಂದೇ ಕಡೆ ಮುಖ ಮಾಡಿ ಬಂದು ಕೂಡಿಕೊಳ್ಳುತ್ತದೆ. ಮೇಲಿನ ಸ್ವರಗಳ ಹೊಳಪು ತುಸು ತಗ್ಗುವುದುಂಟು. ಆದರೂ ಇದು ನ್ಯಾಯವಾದ ಮೌನ. ನುಡಿಸುವವನ ಬಾಯಿ ಮುಚ್ಚಿಸಿ ಪಡೆದದ್ದಲ್ಲ.

5

ಅನ್ಯಾಯದ ಮೌನಗಳೂ ಇವೆ. ಅವೇ ಸುಲಭ, ಅವೇ ಅಗ್ಗ, ಆದ್ದರಿಂದ ಅವೇ ಹೆಚ್ಚು ಬಳಕೆಯಲ್ಲಿ.

ಮೊದಲನೆಯದು ಟೋನ್ ಕಂಟ್ರೋಲು ತಿರುವಿಬಿಡುವುದು. ಟೋನ್ ಕತ್ತರಿಸುವುದು ಮೇಲಿನ ಸದ್ದನ್ನ. ಗುಂಯ್ ಇರುವುದು ತಗ್ಗಿನಲ್ಲಿ. ಸತ್ತದ್ದು ತಂತಿಯ ಹೊಳಪು, ಗುಂಯ್ ಹಾಗೇ ಕೂತಿರುತ್ತದೆ. ಆರೋಪಿ ಒಬ್ಬ, ಶಿಕ್ಷೆ ಇನ್ನೊಬ್ಬನಿಗೆ. ಎರಡನೆಯದು ನಾಯ್ಸ್ ಗೇಟ್ ಅನ್ನುವ ಯಂತ್ರ. ಇಷ್ಟು ಗಟ್ಟಿ ಇದ್ದರೆ ಮಾತ್ರ ಒಳಗೆ ಬಿಡು, ಇಲ್ಲದಿದ್ದರೆ ಬಾಗಿಲು ಹಾಕು ಅನ್ನುವುದು ಅದರ ನಿಯಮ. ನುಡಿಸದೆ ಇದ್ದಾಗ ಗುಂಯ್ ಕೇಳಿಸದು, ನಿಜ. ನುಡಿಸತೊಡಗಿದರೆ ಸ್ವರದ ಬೆನ್ನಿಗೇ ಒಳಗೆ ಬರುತ್ತದೆ. ಬಾಗಿಲಲ್ಲಿ ಸಿಕ್ಕಿ ಸಾಯುವುದು ಮೆಲ್ಲಗೆ ಆರಿಹೋಗುತ್ತಿದ್ದ ಸ್ವರದ ಬಾಲ. ಗಟ್ಟಿ ಇದ್ದವರಿಗೆ ಪ್ರವೇಶ ಅನ್ನುವ ಕಡೆಯೆಲ್ಲ ಇದೇ ಆಗುವುದು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ತ್ರೀ ಪಿನ್ ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವುದು, ಇಲ್ಲವೇ ಅದರ ಹಸಿರು ವೈರನ್ನು ಕಿತ್ತುಹಾಕುವುದು. ಇದು ಯಾಕೆ ಹುಟ್ಟಿತು ಅಂದರೆ, ಆಂಪ್ಲಿಫಯರು ಒಂದು ಬೋರ್ಡಿಗೆ, ಮೈಕಿನ ಯಂತ್ರ ಇನ್ನೊಂದು ಬೋರ್ಡಿಗೆ ಸಿಕ್ಕಿಸಿದ್ದಾಗ ಎರಡು ಕಡೆಯ ಅರ್ಥ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ವ್ಯತ್ಯಾಸದಿಂದ ನಡುವಿನ ವೈರಿನ ಹೊದಿಕೆಯಲ್ಲಿ ಸಣ್ಣ ಕರೆಂಟು ಹರಿದು ಗುಂಯ್ ಅನ್ನುತ್ತದೆ. ಒಂದರ ಅರ್ಥ್ ಪಿನ್ ಮುರಿದರೆ ಗುಂಯ್ ಥಟ್ಟನೆ ನಿಲ್ಲುತ್ತದೆ. ಎಲ್ಲರಿಗೂ ಸಂತೋಷ. ಆದರೆ ಆ ಪಿನ್ ಇದ್ದದ್ದು ಸಂಗೀತಕ್ಕಲ್ಲ, ಜೀವಕ್ಕೆ. ಯಂತ್ರದ ಒಳಗೆ ಫೇಸ್ ವೈರು ಕಳಚಿ ಲೋಹದ ಮೈಗೆ ತಾಕಿದರೆ, ಆ ಕರೆಂಟು ಮನುಷ್ಯನ ಮೈ ಹುಡುಕಿಕೊಂಡು ಹೋಗದೆ ನೇರವಾಗಿ ನೆಲಕ್ಕೆ ಇಳಿದು ಫ್ಯೂಸು ಹಾರಿಸಲಿ ಅಂತ ಅದು ಇದೆ. ನಮ್ಮ ಪ್ಲಗ್ಗುಗಳಲ್ಲಿ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಎಲ್ಲಕ್ಕಿಂತ ಮೊದಲು ಕೂಡಬೇಕು, ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಅಂತ ಹಾಗೆ ಮಾಡಿದ್ದಾರೆ.

ಈಗ ಹಿಂದಿನ ಮಾತನ್ನು ಇದಕ್ಕೆ ಜೋಡಿಸಿ. ತಂತಿಗೆ ಅರ್ಥ್ ಕೊಟ್ಟು ನುಡಿಸುವವನ ಮೈಯನ್ನು ಆಂಪ್ಲಿಫಯರಿನ ಲೋಹದ ಮೈಗೆ ಕಟ್ಟಿದೆವು. ಆಂಪ್ಲಿಫಯರಿನ ತುದಿಯಲ್ಲಿ ಅರ್ಥ್ ಗಟ್ಟಿಯಾಗಿದ್ದರೆ ಆ ಸಂಬಂಧ ಅವನನ್ನು ಕಾಯುತ್ತದೆ. ಆ ತುದಿಯಲ್ಲಿ ಯಾರೋ ಪಿನ್ ಮುರಿದಿದ್ದರೆ ಅದೇ ವೈರು ಸಾವನ್ನು ಅವನ ಬೆರಳಿಗೆ ತಂದು ಮುಟ್ಟಿಸುತ್ತದೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಎರಡರ ನಡುವಿನ ವ್ಯತ್ಯಾಸಕ್ಕೆ ಅವನ ಎದೆಯೇ ದಾರಿ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರುವಾದಕ ಲೆಸ್ ಹಾರ್ವಿ, ಸರಿಯಾಗಿ ಅರ್ಥ್ ಆಗಿರದ ಮೈಕು ಮುಟ್ಟಿ ವೇದಿಕೆಯ ಮೇಲೆ, ಜನರ ಎದುರಿಗೇ ಸತ್ತ. ‘ಯಾರ್ಡ್‌ಬರ್ಡ್ಸ್’ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರಲ್ಲಿ ತನ್ನ ಮನೆಯಲ್ಲೇ ಗಿಟಾರು ನುಡಿಸುವಾಗ, ಸರಿಯಾದ ಅರ್ಥಿಂಗ್ ಇಲ್ಲದ ಕಾರಣಕ್ಕೆ ಕರೆಂಟು ಹೊಡೆದು ಸತ್ತ. ಇವರು ಹೆಸರಿದ್ದವರು, ಆದ್ದರಿಂದ ನಮಗೆ ಗೊತ್ತಾಯಿತು.

ಅಗ್ಗದ ಯಂತ್ರಗಳ ಚರಿತ್ರೆ ಇನ್ನೂ ಕಠೋರ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ಕಲಿಯುವ ಹುಡುಗರಿಗೆ ಅಂತ ಮಾರಿದ ಎಷ್ಟೋ ಸಣ್ಣ ಆಂಪ್ಲಿಫಯರುಗಳಲ್ಲಿ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರನ್ನೇ ಹಾಕುತ್ತಿರಲಿಲ್ಲ. ಅದು ದುಬಾರಿ. ಪ್ಲಗ್ಗನ್ನು ತಿರುವಿ ಹಾಕಿದರೆ ಗಿಟಾರಿನ ತಂತಿಗೆ ಗೋಡೆಯ ಕರೆಂಟಿನ ನೇರ ನೆಂಟಸ್ತನ. ಎರಡು ಪಿನ್ನಿನ ಹಳೆಯ ಆಂಪ್ಲಿಫಯರುಗಳಲ್ಲಿ ಗುಂಯ್ ಕಡಿಮೆ ಮಾಡಲು ಕರೆಂಟಿನ ವೈರಿಗೂ ಲೋಹದ ಮೈಗೂ ನಡುವೆ ಒಂದು ಕೆಪಾಸಿಟರ್ ಹಾಕುತ್ತಿದ್ದರು. ಅದು ಹಳತಾಗಿ ಒಳಗೇ ಕೂಡಿಕೊಂಡರೆ ಮೈಯೆಲ್ಲ ಕರೆಂಟು. ರಿಪೇರಿಯವರು ಅದಕ್ಕೆ ಸಾವಿನ ಕೆಪಾಸಿಟರ್ ಅಂತಲೇ ಹೆಸರಿಟ್ಟರು. ಇವತ್ತೂ ಅಂಥ ಹಳೆಯ ಯಂತ್ರ ಕೈಗೆ ಸಿಕ್ಕಿದರೆ, ಬಲ್ಲವರಿಂದ ಅದನ್ನು ತೆಗೆಸಿ ಮೂರು ಪಿನ್ನಿನ ವೈರು ಹಾಕಿಸದೆ ಮುಟ್ಟಬಾರದು.

ನಮ್ಮ ಮೂಲ ಪ್ರಶ್ನೆ ಇಲ್ಲಿ ಪೂರ್ತಿ ಬಯಲಾಗುತ್ತದೆ. ಮೌನ ಬೇಕಾದವರು ಕೇಳುವವರು. ಟ್ರಾನ್ಸ್‌ಫಾರ್ಮರಿನ ದುಡ್ಡು ಉಳಿದದ್ದು ಮಾಡಿ ಮಾರಿದವರಿಗೆ. ಅರ್ಥಿಂಗಿನ ಖರ್ಚು ಉಳಿದದ್ದು ಕಟ್ಟಡ ಕಟ್ಟಿದವರಿಗೆ. ತಂತಿಯ ಮೇಲೆ ಕೈ ಇಟ್ಟಿರುವವನು ಇವರಲ್ಲಿ ಯಾರೂ ಅಲ್ಲ. ಒಂದು ಮೌನದ ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಅಂತಾದಾಗ ಅದು ಬರೀ ತಾಂತ್ರಿಕ ಅಡ್ಡದಾರಿಯಲ್ಲ, ಅನೀತಿ. ನೆಟ್ಟಗಿನ ದಾರಿಯೂ ಇದೆ. ಎಲ್ಲ ಯಂತ್ರಗಳನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ, ಆಗ ಅವಕ್ಕೆಲ್ಲ ನೆಲ ಒಂದೇ ಆಗುತ್ತದೆ. ಅದಾಗದಿದ್ದರೆ ದನಿಯ ವೈರಿನ ನಡುವೆ ಸಣ್ಣ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ. ಬೇರ್ಪಡಿಸಬೇಕಾದದ್ದು ದನಿಯ ದಾರಿಯನ್ನು, ಜೀವದ ದಾರಿಯನ್ನಲ್ಲ.

ಇದು ದೂರದ ಗಿಟಾರಿನ ಮಾತಾಗಿಯೇ ಉಳಿಯಬೇಕಾಗಿಲ್ಲ. ಶಾಲೆಯ ಬಯಲಿನಲ್ಲಿ, ಊರ ಮುಂದಿನ ಸಭೆಯಲ್ಲಿ ಬಾಡಿಗೆ ಮೈಕ್‌ಸೆಟ್ಟು ಗುಂಯ್ ಅಂದಾಗ ಆಗುವುದೂ ಇದೇ. ಗೋಡೆಯ ಬೋರ್ಡಿನ ಮೂರನೇ ತೂತಿನ ಹಿಂದೆ ವೈರು ಇದೆಯೇ, ಇದ್ದರೆ ಅದು ಹೋಗಿ ಸೇರುವ ಗುಂಡಿಯಲ್ಲಿ ಇದ್ದಿಲು, ಉಪ್ಪು, ತೇವ ಉಳಿದಿವೆಯೇ ಅಂತ ಮೇಷ್ಟರು ಒಮ್ಮೆ ನೋಡಿಸಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿದುಹಾಕುವ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಲು ಕೇಳಬೇಕು. ಮೈಕು ಹಿಡಿಯುವುದು ಮಕ್ಕಳು.

6

ಒಂದು ಆಕ್ಷೇಪಣೆ ಬರಬಹುದು. ಕಸದ ಪೆಟ್ಟಿಗೆಗೆ ಇಷ್ಟೆಲ್ಲ ಯಾಕೆ, ಹೊಟ್ಟೆಗಿಲ್ಲದವನಿಗೆ ಗುಂಯ್ ಒಂದು ಸಮಸ್ಯೆಯೇ ಅಂತ. ಪೆಟ್ಟಿಗೆಗೆ ತಂತಿ ಬಿಗಿದವರೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಹೊಟ್ಟೆಗೆ ಸಾಲದಿದ್ದ ಕಾಲದಲ್ಲೇ ಅವರು ಕೂತು ತಂತಿಗಳನ್ನು ಶ್ರುತಿ ಮಾಡಿದರು. ಬಡವನಿಗೆ ಯಾವುದಾದರೂ ನಡೆಯುತ್ತೆ ಅನ್ನುವುದು ಬಡವನ ಮಾತಲ್ಲ. ಅದು ಅವನ ಬಗ್ಗೆ ಬೇರೆಯವರು ಆಡಿದ ಮಾತು. ಮತ್ತೆ, ಇಲ್ಲಿ ಹೇಳಿದ ಮದ್ದುಗಳಲ್ಲಿ ಮುಖ್ಯವಾದವಕ್ಕೆ ಬೇಕಾದದ್ದು ಒಂದು ಗೇಣು ವೈರು, ಒಂದಷ್ಟು ಹಾಳೆ, ನಾಲ್ಕು ಬೆಸುಗೆ. ಕಾಸಿಗಿಂತ ಹೆಚ್ಚಾಗಿ ಬೇಕಾದದ್ದು ತಿಳಿವಳಿಕೆ. ತಿಳಿವಳಿಕೆಯನ್ನು ದುಬಾರಿ ಮಾಡಿಟ್ಟವರು ಯಾರು ಅನ್ನುವುದು ಇನ್ನೊಂದು ಲೇಖನದ ವಿಷಯ.

ಇಷ್ಟೆಲ್ಲ ಮಾಡಿದರೂ ಪೂರ್ತಿ ಮೌನ ಸಿಗುವುದಿಲ್ಲ. ಗೋಡೆಯಲ್ಲಿ ಕರೆಂಟು ಇರುವ ತನಕ ಒಂದಿಷ್ಟು ಗುಂಯ್ ಉಳಿದೇ ಇರುತ್ತದೆ. ಅದು ಸೋಲಲ್ಲ. ತಂತಿಯ ಅತಿ ಮೆಲುವಾದ ದನಿಗಿಂತ ಅದು ಕೆಳಗೆ ಇಳಿದರೆ ಸಾಕು. ಅಲ್ಲಿಗೆ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ನುಡಿಸಲು ಕೂರಬೇಕು.

ಆದರೆ ಯಾವುದೇ ಸದ್ದನ್ನು ಸುಮ್ಮನಾಗಿಸಲು ಕೈ ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ನಮಗೆ ಬೇಕು. ಕೈ ನಿಂತರೆ ಈ ಸದ್ದು ನಿಲ್ಲುತ್ತದೆಯೇ? ನಿಂತರೆ ಅದು ಒಬ್ಬರ ದನಿ, ಅದರ ತಂಟೆಗೆ ಹೋಗಬೇಡಿ. ನಿಲ್ಲದಿದ್ದರೆ ಅದು ಎಲ್ಲಿಂದ ಬರುತ್ತಿದೆ? ಪೆಟ್ಟಿಗೆಯ ಕಡೆ ಬೆರಳು ತೋರಿಸುವ ಮೊದಲು ಗೋಡೆಯ ಕಡೆ ನೋಡಿ. ಮೂರನೆಯದು ಕೊನೆಯದು, ಆದರೆ ಎಲ್ಲಕ್ಕಿಂತ ದೊಡ್ಡದು. ನಮಗೆ ಬೇಕಾದ ಈ ಮೌನದ ಬೆಲೆಯನ್ನು ಯಾರ ಮೈ ತೆರುತ್ತಿದೆ? ಇದಕ್ಕೆ ಉತ್ತರ ಸಿಗುವ ತನಕ ಗುಂಯ್ ಇರಲಿ. ಪಿನ್ ಮುರಿಯಬೇಡಿ.